ನಾಲ್ಕನೇ ಮಹಡಿಯ ಕುರ್ಚಿ

ಈ ಊರಿಗೆ ಹೊಸವರ್ಷ ಎರಡು ಸಲ ಬರುತ್ತದೆ.
ಜನವರಿ ಒಂದರಂದು ತೊಟ್ಟ ಪಣ
ಹತ್ತರೊಳಗೆ ಮುರಿದುಬಿದ್ದರೂ
ಹದಿನಾಲ್ಕಕ್ಕೆ, ಹಳೆಯ ಪಂಚಾಂಗದ ಲೆಕ್ಕದಲ್ಲಿ,
ಇನ್ನೊಮ್ಮೆ ತೊಡಬಹುದು.
ತ್ಬಿಲಿಸಿಯ ಆರಂಭಶೂರರಿಗೆ
ದೇವರು ಕೊಟ್ಟ ರಿಯಾಯಿತಿ.

ನಾಜಿಬ್ರೋಲಾ ತೊಟ್ಟದ್ದು ಎರಡನೆಯದರಲ್ಲಿ.
ನಮ್ಮ ಕಟ್ಟಡದ ಲಿಫ್ಟು
ಹತ್ತು ತೆತ್ರಿ ನುಂಗದೆ ಮೇಲೇಳುವುದಿಲ್ಲ.
ಅಂದು ಅದರ ಬಾಯಿಯ ಮುಂದೆ ನಿಂತು
ನಾಣ್ಯವನ್ನು ವಾಪಸ್ಸು ಜೇಬಿಗಿಳಿಸಿ
"ಇನ್ನು ನಿನಗೆ ಉಪವಾಸ" ಅಂದಳು,
ನಾಯಿಗೆ ಹೇಳುವಂತೆ.
ಡಾಕ್ಟರು ಏನೋ ಹೇಳಿದ್ದರಂತೆ. ಏನೆಂದು ನಾನು ಕೇಳಲಿಲ್ಲ.

ಅವಳ ಮನೆ ಒಂಬತ್ತನೆಯದು,
ನೂರ ನಲವತ್ತನಾಲ್ಕು ಮೆಟ್ಟಿಲು.
ಐವತ್ತನಾಲ್ಕನೆಯದರ ಎದುರು ನನ್ನ ಬಾಗಿಲು.
ಒಳಗೆ ನಾನು, ಒಂಟಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಊರವರ ಕೈಗಡಿಯಾರ ಬಿಚ್ಚಿಕೊಂಡು ಕೂತಿರುತ್ತೇನೆ.
ಮಧ್ಯಾಹ್ನ ಮೂರಕ್ಕೆ ಬೇಕರಿಯ ಕೆಲಸ ಮುಗಿಸಿ ಬರುತ್ತಾಳೆ.
ಮೊದಲು ಬರುವುದು ಕಂಕುಳಲ್ಲಿನ ಬಿಸಿ ರೊಟ್ಟಿಯ ವಾಸನೆ,
ಆಮೇಲೆ ಚಪ್ಪಲಿ,
ಆಮೇಲೆ ಏದುಸಿರು: ತಿದಿ ಒತ್ತಿದಂತೆ
ನನ್ನ ಬಾಗಿಲ ಸಂದಿಯಲ್ಲಿ.

ಮೂರನೆಯ ದಿನ ಕುರ್ಚಿಯೊಂದನ್ನು ಹೊರಗಿಟ್ಟೆ.
ಯಾರಿಗೆಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ.
ಅದು ಅವಳ ಭಾರಕ್ಕೆ ಕಿರ್ರೆಂದಾಗ
ನನ್ನ ಕೈಯ ಚಿಮಟ ಒಂದು ಕ್ಷಣ ತಡೆಯುತ್ತಿತ್ತು.
ಮೊದಲ ವಾರ ಕೂರುತ್ತಿದ್ದದ್ದು ಆರು ನಿಮಿಷ.
ಗಡಿಯಾರಗಳೇ ತುಂಬಿದ ಮನೆ,
ಎಣಿಸದೆ ಇರುವುದು ಹೇಗೆ?
ಆಮೇಲೆ ನಾಲ್ಕು. ಆಮೇಲೆ ಮೂರೂವರೆ.
ಒಮ್ಮೆ ಮತ್ತೆ ಏಳು; ಅಂದು ಅತ್ತಿದ್ದಳು ಅನಿಸುತ್ತದೆ.

ಫೆಬ್ರವರಿಯ ಕೊನೆಗೆ ಹಿಮ ಕೆಸರಾಯಿತು.
ಮೂರು ಹೊಡೆಯಿತು, ವಾಸನೆ ಬರಲಿಲ್ಲ.
ಗೋಡೆಯಾಚೆ ಲಿಫ್ಟು ಗಂಟಲು ಸರಿಮಾಡಿಕೊಂಡು ಮೇಲೇರಿತು.
ಮರುದಿನವೂ. ಅದರ ಮರುದಿನವೂ.
ಕುರ್ಚಿಯ ಮೇಲೆ ಬೆಕ್ಕೊಂದು ಸಂಸಾರ ಹೂಡಿತು.
ಐದನೆಯ ಮಹಡಿಯ ಗುಗುಲಿ ನಕ್ಕ:
"ನಿನ್ನ ಪರ್ವತಾರೋಹಿ ಎಲ್ಲಿ, ಓತಿಯಾ?"
ನಾನು ಉತ್ತರಿಸಲಿಲ್ಲ.
ಕೀಲಿ ಕೊಡುವ ಗಡಿಯಾರ ನಿಂತರೆ ಅದು ಕೆಟ್ಟಿತೆಂದಲ್ಲ.
ತಪ್ಪಿದ ಐದು ದಿನದ ಕೀಲಿಯನ್ನು
ಒಂದೇ ದಿನ ತಿರುವುವವನಿದ್ದಾನಲ್ಲ,
ಅವನು ತರುವ ಗಡಿಯಾರದಲ್ಲಿ
ಸ್ಪ್ರಿಂಗು ಕಡಿದಿರುತ್ತದೆ.
ಇದನ್ನು ಅವಳಿಗೆ ಹೇಳಬೇಕೆಂದುಕೊಂಡೆ.
ಬಾಗಿಲ ತನಕ ಹೋದೆ. ಹೇಳಲಿಲ್ಲ.

ಹನ್ನೊಂದನೆಯ ದಿನ ಬೆಕ್ಕು ಗುರ್ರೆಂದಿತು.
"ಏಳೇ, ನನ್ನ ಜಾಗ" ಎಂಬ ದನಿ.
ಒಂಬತ್ತು ನಿಮಿಷ ಕೂತಳು.
ಎಲ್ಲ ಮೊದಲಿಂದ.

ಈಗ ಮೇ ತಿಂಗಳು.
ಅಂಗಳದ ಮಲ್ಬರಿ ಮರದಡಿ ಮಕ್ಕಳ ಬಾಯೆಲ್ಲ ನೀಲಿ.
ನಾಜಿಬ್ರೋಲಾ ನನ್ನ ಬಾಗಿಲು ದಾಟುವಾಗ
ಏದುಸಿರಿಲ್ಲ; ಏನೋ ಗುನುಗುತ್ತಿರುತ್ತಾಳೆ,
ಶ್ರುತಿ ಅಷ್ಟಕ್ಕಷ್ಟೇ.
ಆದರೂ ಕೂರುತ್ತಾಳೆ, ಅರ್ಧ ನಿಮಿಷ.
ದಣಿವಿಗಲ್ಲ.
ಕುರ್ಚಿಗೆ ಬೇಜಾರಾಗದಿರಲಿ ಎಂದು.

ನಿನ್ನೆ ಬಾಗಿಲು ತೆರೆದೇಬಿಟ್ಟೆ.
ಎದ್ದುನಿಂತು ರೊಟ್ಟಿಯ ತುದಿ ಮುರಿದುಕೊಟ್ಟಳು.
"ಮೊನ್ನೆ ಲಿಫ್ಟಲ್ಲಿ ಹೋದೆ" ಅಂದಳು, ಪಾದ್ರಿಯ ಮುಂದೆ ನಿಂತವಳಂತೆ,
"ಈರುಳ್ಳಿ ಹತ್ತು ಕಿಲೋ ಇತ್ತು."
ಗೊತ್ತು ಅಂದೆ. ಕೇಳಿಸಿತ್ತು.
"ನಾಣ್ಯದ ಡಬ್ಬಿ ತುಂಬುತ್ತಾ ಬಂತು. ಏನು ಕೊಳ್ಳಲಿ?"
ನನಗೆ ಏನೂ ತೋಚಲಿಲ್ಲ.

ಅವಳು ಮೇಲೆ ಹೋದ ಮೇಲೆ
ಕುರ್ಚಿಯನ್ನು ಎತ್ತಿಕೊಂಡೆ, ಒಳಗಿಡಲೆಂದೇ.
ಏಕೋ ಮೆಟ್ಟಿಲ ಕಡೆ ತಿರುಗಿದೆ.
ಎಪ್ಪತ್ತರ ಮಂಡಿ ಎರಡೂ ಒಟ್ಟಿಗೆ ಬೈದವು.
ಹದಿನೆಂಟು ಮೆಟ್ಟಿಲು.
ಐದನೆಯ ಮಹಡಿಯಲ್ಲಿ ಕುರ್ಚಿ ಇಳಿಸಿ ಕೂತೆ,
ಗುಗುಲಿಯ ಬಾಗಿಲಿಗೆ ಬೆನ್ನುಹಾಕಿ.

ಎಷ್ಟು ನಿಮಿಷವೋ.
ಗಡಿಯಾರ ತಂದಿರಲಿಲ್ಲ.